ಬೀಗ ಹಾಕಿದ ಮನೆ ಮುಂದಿನ ಕಣಗಿಲೆ

ಜಾಲಹಳ್ಳಿಯ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಕಳೆದ ವಾರ ಒಂದು ಜಗಳ ನಡೀತು. ಚರ್ಚೆ ಅನ್ನಬಹುದಿತ್ತು, ಆದ್ರೆ ರಾತ್ರಿ ಹನ್ನೆರಡರ ತನಕ ನಡೆದದ್ದಕ್ಕೆ ನಮ್ಮ ಕಡೆ ಜಗಳ ಅಂತನೇ ಹೆಸರು. ವಿಷಯ ಇಷ್ಟೇ: ಕೇರಿಯ ಬಾಬಾಸಾಹೇಬರ ನಾಮಫಲಕದ ಕಟ್ಟೆ ಸುತ್ತ ಈ ಮಳೆಗಾಲಕ್ಕೆ ಯಾವ ಗಿಡ ಹಚ್ಚಬೇಕು. ನಾನು ಕಣಗಿಲೆ ಅಂದೆ. ಗುಲಾಬಿ ಬಣ್ಣದ್ದು. ತಕ್ಷಣ ಒಬ್ಬ ತಮ್ಮ ಬರೆದ: "ಅಣ್ಣಾ, ಅದು ವಿಷದ ಗಿಡ. ಊರವರು ನಮಗ ಕೊಟ್ಟ ವಿಷ ಸಾಲದೇನು?" ಇನ್ನೊಬ್ಬ, ಎಂ.ಎ. ಮಾಡಿದ ಹುಡುಗ, ಬಲು ಶಾಣ್ಯಾ: "ಕುಡಿಯಾಕ ನೀರಿಲ್ಲದ ಕೇರ್ಯಾಗ ಹೂವಿನ ಚಿಂತಿ ಯಾರಿಗೆ ಬೇಕಾಗ್ಯಾದ? ಒಳಮೀಸಲಾತಿ ಬಗ್ಗೆ ಬರೀರಿ."

ಒಳಮೀಸಲಾತಿ ಬಗ್ಗೆ ಬರೆದಿದೀನಿ, ಇನ್ನೂ ಬರೀತೀನಿ. ಇವತ್ತು ಮಾತ್ರ ಕಣಗಿಲೆ. ಉದ್ದ ಆಗ್ತದ, ಪುರುಸೊತ್ತು ಇದ್ದವರು ಓದ್ರಿ.

ಗಿಡ ಗೊತ್ತಿಲ್ಲದವರು ಯಾರೂ ಇರಲಿಕ್ಕಿಲ್ಲ. ಹೆಸರು ಮಾತ್ರ ಊರಿಗೊಂದು. ನಮ್ಮ ಅವ್ವ ಕಣಗಿಲಿ ಅಂತಿದ್ದಳು. ರಾಯಚೂರು ಪಟ್ಟಣದಲ್ಲಿ ತೆಲುಗು ಮಾತಾಡೋರು ಗನ್ನೇರು ಅಂತಾರೆ, ಉರ್ದು ಮಾತಾಡೋರು ಕನೇರ್. ಸಂಸ್ಕೃತದಲ್ಲಿ ಕರವೀರ. ಅದೇ ಸಂಸ್ಕೃತದಲ್ಲಿ ಅಶ್ವಮಾರಕ ಅಂತ ಇನ್ನೊಂದು ಹೆಸರೂ ಇದೆ, ಅಂದ್ರೆ ಕುದುರೆ ಕೊಲ್ಲೋದು. ಹೆಸರಿನಲ್ಲೇ ಎಚ್ಚರಿಕೆ ಕೊಟ್ಟುಬಿಟ್ಟಿದ್ದಾರೆ. ಉದ್ದನೆಯ ಚೂಪು ಎಲೆ, ಒಂದೊಂದು ಗಿಣ್ಣಿಗೆ ಮೂರು ಮೂರು. ವರ್ಷವಿಡೀ ಹಸಿರು. ಕಡ್ಡಿಯ ತುದಿಗೆ ಗೊಂಚಲು ಗೊಂಚಲು ಹೂ. ಹಳದಿ ಗಂಟೆಯಂಥ ಹೂ ಬಿಡುವ ಇನ್ನೊಂದು ಗಿಡಕ್ಕೂ ಜನ ಕಣಗಿಲೆ ಅಂತಾರೆ, ಅದು ಬೇರೆ ಜಾತಿ (ಗಿಡದ ಜಾತಿ ಮಾರಾಯ್ರೆ). ವಿಷದ ವಿಷಯದಲ್ಲಿ ಎರಡೂ ಅಣ್ಣತಮ್ಮಂದಿರೇ.

ಈಗ ಆ ಶಾಣ್ಯಾ ಹುಡುಗನ ಪ್ರಶ್ನೆಗೆ ಬರ್ತೀನಿ. ನೀರಿಲ್ಲದ ಕೇರಿಗೆ ಹೂ ಯಾಕೆ?

ದೇವದುರ್ಗ ತಾಲೂಕಿನವರಿಗೆ ಗುಳೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ, ಹೊರಗಿನ ಗೆಳೆಯರಿಗೆ ಹೇಳ್ತೀನಿ. ಹತ್ತಿ ಬಿಡಿಸೋದು ಮುಗೀತು, ತೊಗರಿ ಒಕ್ಕಣೆ ಮುಗೀತು ಅಂದ್ರೆ ಹೊಲ ಇಲ್ಲದವನಿಗೆ ಊರಲ್ಲಿ ಕೆಲಸ ಮುಗೀತು. ಗಂಡ, ಹೆಂಡತಿ, ಎತ್ತಿಕೊಳ್ಳುವ ಕೂಸು, ಒಂದು ಚೀಲ ಜೋಳ, ನಾಲ್ಕು ಪಾತ್ರೆ. ಬೆಂಗಳೂರು, ಹೈದರಾಬಾದ್, ಪುಣೆ. ಯಾವುದೋ ಅಪಾರ್ಟ್‌ಮೆಂಟಿಗೆ ಕಾಂಕ್ರೀಟ್ ಹೊರೋ ಕೆಲಸ, ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ. ಮತ್ತೆ ವಾಪಸ್ ಬರೋದು ಮುಂಗಾರು ಮಳೆಗೆ. ಅಲ್ಲಿ ತನಕ ಕೇರಿಯಲ್ಲಿ ಬೀಗ ಹಾಕಿದ ಮನೆಗಳು, ಕಟ್ಟೆ ಮೇಲೆ ಮುದುಕರು, ಶಾಲೆಗೆ ಹೋಗೋ ಮಕ್ಕಳನ್ನ ನೋಡಿಕೊಳ್ಳೋ ಅಜ್ಜಿಯರು. ನಾರಾಯಣಪುರ ಬಲದಂಡೆ ಕಾಲುವೆ ನಮ್ಮ ತಾಲೂಕಿಗೆ ನೀರು ತಂದಿದ್ದು ನಿಜ. ಆದ್ರೆ ಕಾಲುವೆ ನೀರು ಹೊಲ ಹುಡುಕಿಕೊಂಡು ಹರೀತದೆ, ಮನುಷ್ಯರನ್ನ ಹುಡುಕಿಕೊಂಡು ಅಲ್ಲ.

ಆ ಬೀಗ ಹಾಕಿದ ಮನೆಗಳ ಮುಂದೆ ಏನು ಉಳೀತದೆ ಅನ್ನೋದನ್ನ ನಾನು ಪ್ರತಿ ಬೇಸಿಗೆಯಲ್ಲಿ ನೋಡ್ತೀನಿ. ಗುಲಾಬಿ ಹದಿನೈದು ದಿನಕ್ಕೆ ಹೋಯ್ತು. ಮಲ್ಲಿಗೆ ಒಣಗಿ ಕಡ್ಡಿ ಆಯ್ತು. ದಾಸವಾಳ ಎಲೆ ಉದುರಿಸಿ ನಿಂತು, ಪಕ್ಕದ ಮನೆ ಅಜ್ಜಿ ಮನಸ್ಸು ಮಾಡಿ ಒಂದು ಚೆಂಬು ನೀರು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಣಗಿಲೆ ಮಾತ್ರ ಹಸಿರಾಗೇ ಇರ್ತದೆ. ನೆಲದಲ್ಲಿ ಬೇರು ಬಿಟ್ಟ ಎರಡು ಮೂರು ವರ್ಷದ ಗಿಡಕ್ಕೆ ಮೇ ತಿಂಗಳ 42–43 ಡಿಗ್ರಿ ಬಿಸಿಲಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡ್ತದೆ. ಹೂ ಸ್ವಲ್ಪ ಸಣ್ಣದು, ಆದ್ರೂ ಹೂವೇ.

ಇದು ಹೇಗೆ ಸಾಧ್ಯ ಅಂತ ನಾನೂ ಯೋಚನೆ ಮಾಡಿದ್ದೆ. ನಾನು ಓದಿದ್ದು ಬಿ.ಎ., ಗಿಡಶಾಸ್ತ್ರ ಅಲ್ಲ. ಒಬ್ಬ ವಿಜ್ಞಾನದ ಮೇಷ್ಟ್ರು ಒಂದು ಎಲೆ ತಿರುಗಿಸಿ ತೋರಿಸಿದರು. ಎಲೆ ಉಸಿರಾಡುವ ರಂಧ್ರಗಳು ಬೇರೆ ಗಿಡಗಳಲ್ಲಿ ಮೇಲ್ಮೈಯಲ್ಲೇ ಇರ್ತಾವಂತೆ. ಕಣಗಿಲೆಯಲ್ಲಿ ಎಲೆಯ ಕೆಳಗಡೆ ಸಣ್ಣ ಸಣ್ಣ ಗುಳಿಗಳಿದ್ದು, ಆ ಗುಳಿಯೊಳಗೆ ರಂಧ್ರ, ಗುಳಿಯ ಬಾಯಿಗೆ ಕೂದಲಿನಂಥ ಎಳೆಗಳು. ಬಿಸಿಗಾಳಿ ನೇರ ಒಳಗೆ ಹೋಗಿ ನೀರು ಹೀರೋಕೆ ಆಗೋದಿಲ್ಲ. ಮೇಲಿನ ಚರ್ಮ ದಪ್ಪ, ಮೇಣ ಸವರಿದಂಗೆ. ಬಿಸಿಲಿಗೆ ಹೋಗುವಾಗ ನಮ್ಮ ಹೆಣ್ಮಕ್ಕಳು ಮುಖಕ್ಕೆ ಸೆರಗು ಸುತ್ತಿಕೊಳ್ತಾರಲ್ಲ, ಅದೇ ಲೆಕ್ಕ.

ಚಳಿ ದೇಶದವರ ಕಷ್ಟ ಉಲ್ಟಾ. ಯುರೋಪಿನ ಉತ್ತರದ ಕಡೆ ಈ ಗಿಡ ನೆಲದಲ್ಲಿ ಬಿಟ್ಟರೆ ಹಿಮಕ್ಕೆ ಸಾಯ್ತದೆ. ದೊಡ್ಡ ದೊಡ್ಡ ಕುಂಡಗಳಲ್ಲಿ ಬೆಳೆಸಿ, ಚಳಿಗಾಲ ಬಂದ ಕೂಡ್ಲೇ ಮನೆಯೊಳಗೆ ಎಳೆದುಕೊಳ್ತಾರೆ, ಬಿಸಿಲು ಬಂದ ಮೇಲೆ ಹೊರಗಿಡ್ತಾರೆ. ನಮ್ಮಲ್ಲಿ ಗಿಡ ಹೊರಗೇ ಇರ್ತದೆ, ಮನುಷ್ಯರೇ ಋತು ನೋಡಿ ಊರು ಬಿಡ್ತಾರೆ. ಹಿರೋಶಿಮಾ ನಗರದ ಅಧಿಕೃತ ಹೂ ಕೂಡ ಇದೇ. 1945ರ ಬಾಂಬಿನ ನಂತರ ಸುಟ್ಟ ನೆಲದಲ್ಲಿ ಮೊದಮೊದಲು ಅರಳಿದ್ದು ಕಣಗಿಲೆ ಅಂತ ಆ ಊರಿನವರು ಅದನ್ನ ತಮ್ಮ ಹೂ ಮಾಡಿಕೊಂಡರು.

ಹಂಗಾಗಿ ತಮ್ಮಾ, ನೀರಿಲ್ಲ ಅಂತನೇ ಕಣಗಿಲೆ. ನಲ್ಲಿ ನೀರಿಗೆ ಹೋರಾಟ ಮಾಡೋಣ, ಮಾಡ್ತಾನೇ ಇದೀವಿ. ನಲ್ಲಿ ಬಂದ ಮೇಲೆ ಹೂ ನೋಡೋಣ ಅಂತ ಕೂತ್ರೆ ನಮ್ಮ ಅವ್ವಂದಿರ ಇಡೀ ಆಯುಷ್ಯ ಹೂ ಇಲ್ಲದೆ ಹೋಗ್ತಿತ್ತು. ಅವರು ಕಾಯಲಿಲ್ಲ.

ನಮ್ಮ ಅವ್ವನ ಕಣಗಿಲೆ ಇದ್ದದ್ದು ಒಂದು ಡಾಲ್ಡಾ ಡಬ್ಬಿಯಲ್ಲಿ. ಆಮೇಲೆ ಡಬ್ಬಿ ತುಕ್ಕು ಹಿಡಿದು ತಳ ಬಿಟ್ಟು, ಬೇರು ತಾನೇ ನೆಲಕ್ಕಿಳಿದು, ಡಬ್ಬಿ ಸೊಂಟಪಟ್ಟಿ ಥರ ಬುಡಕ್ಕೆ ಸುತ್ತಿಕೊಂಡಿತ್ತು. ಊರಿನ ಹೆಸರು ಬರೆಯೋದಿಲ್ಲ. ಅಲ್ಲಿ ನಡೆದದ್ದು ಸುತ್ತ ಹತ್ತು ಊರಿನಲ್ಲಿ ನಡೆದದ್ದೇ. ಶ್ರಾವಣ ಬಂತಂದ್ರೆ ಊರೊಳಗಿನಿಂದ ಗುಡಿಗೆ ಹೂ ಕಟ್ಟೋ ಮನೆಯ ಒಬ್ಬ ಹುಡುಗ ಬೆಳಗ್ಗೆ ಐದೂವರೆಗೆ ನಮ್ಮ ಕೇರಿಗೆ ಬರ್ತಿದ್ದ. ಶಿವನಿಗೆ ಕಣಗಿಲೆ ಅಂದ್ರೆ ಪ್ರೀತಿ ಅಂತ. ಅವ್ವ ಹೂ ಬಿಡಿಸಿ ಕೊಟ್ಟರೆ ತಗೊಳ್ತಿರಲಿಲ್ಲ. ತಾನೇ ಬಿಡಿಸಿಕೊಳ್ತಿದ್ದ. ಅವ್ವ ಆಗ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಬುಟ್ಟಿ ತುಂಬಿದ ಮೇಲೆ ಕೇರಿ ದಾಟಿ, ಊರ ಬಾವಿ ಹತ್ತಿರ ಕೊಡದಿಂದ ನೀರು ತಗೊಂಡು ಹೂವಿನ ಮೇಲೆ ಚಿಮುಕಿಸಿ, ಆಮೇಲೆ ಗುಡಿ ಕಡೆ ನಡೀತಿದ್ದ. ಆ ಬಾವಿ ನೀರು ನಮಗೆ ಮುಟ್ಟೋ ಹಂಗಿರಲಿಲ್ಲ, ನಮ್ಮ ಹೂವಿಗೆ ಮಾತ್ರ ಸಿಗ್ತಿತ್ತು.

ನಾನು ಆಗ ಐದನೇ ಕ್ಲಾಸು. ಅವ್ವನಿಗೆ ಕೇಳಿದೆ, "ಯವ್ವಾ, ಅಂವ ಹೂವಿಗೆ ಯಾಕ ನೀರು ಹೊಡೀತಾನ?"

"ಮೈಲಿಗಿ ಹೋಗಲಿ ಅಂತ."

"ಗಿಡಕ್ಕ ನೀರು ಹಾಕಿದಾಕಿ ನೀನಲ್ಲ? ಅದು ಹೂವಿನೊಳಗ ಹೋಗ್ಯಾದಲ್ಲ?"

ಅವ್ವ ನಕ್ಕಳು. "ಅದನ್ನ ತೊಳಿಯಾಕ ಅವನಿಗೆ ಬರಂಗಿಲ್ಲ" ಅಂದಳು. ಅವಳು ಸಾಲಿ ಕಲಿತವಳಲ್ಲ, ಭಾಷಣ ಮಾಡಿದವಳಲ್ಲ.

1930ರ ಮಾರ್ಚಿನಲ್ಲಿ ನಾಸಿಕದ ಕಾಳಾರಾಮ ಗುಡಿ ಮುಂದೆ ಬಾಬಾಸಾಹೇಬರು ಸತ್ಯಾಗ್ರಹ ಶುರು ಮಾಡಿದ್ದು, ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯದೆ ಹೋದದ್ದು, 1935ರಲ್ಲಿ ಯೇವಲೆಯಲ್ಲಿ ಅವರು ಹಿಂದೂ ಆಗಿ ಸಾಯಲಾರೆ ಅಂತ ಘೋಷಿಸಿದ್ದು, ಇದೆಲ್ಲ ನಿಮಗೆ ಗೊತ್ತು. ಅದನ್ನ ಓದುವಾಗೆಲ್ಲ ನನಗೆ ಆ ಬುಟ್ಟಿ ನೆನಪಾಗ್ತದೆ. ಮನುಷ್ಯರನ್ನ ಬಿಡದ ಬಾಗಿಲಲ್ಲಿ ಅವರ ಮನೆ ಹೂ ದಿನಾ ಬೆಳಗ್ಗೆ ಒಳಗೆ ಹೋಗ್ತಿತ್ತು.

ಈ ಹೂವಿಗೆ ಗುಡಿ ಒಂದೇ ಜಾಗ ಅಲ್ಲ. ಬಿ.ಎ.ಯಲ್ಲಿದ್ದಾಗ ಶೂದ್ರಕನ ಮೃಚ್ಛಕಟಿಕ ನಾಟಕದ ಕನ್ನಡ ಅನುವಾದ ಓದಿದ್ದೆ. ಕೊನೆಯ ಅಂಕದಲ್ಲಿ ಚಾರುದತ್ತನ ಮೇಲೆ ಸುಳ್ಳು ಕೊಲೆ ಆರೋಪ ಬಂದು, ಶೂಲಕ್ಕೇರಿಸೋಕೆ ಕರ್ಕೊಂಡು ಹೋಗ್ತಾರೆ. ಅವನ ಕೊರಳಲ್ಲಿ ಕರವೀರದ ಮಾಲೆ. ಕೊಲ್ಲೋಕೆ ಒಯ್ಯೋ ಮನುಷ್ಯನಿಗೆ ಈ ಹೂವಿನ ಮಾಲೆ ಹಾಕೋದು ಆ ಕಾಲದ ಪದ್ಧತಿ. ಕರ್ಕೊಂಡು ಹೋಗೋರು ಯಾರು? ಚಾಂಡಾಲರು. ಆಜ್ಞೆ ರಾಜನದ್ದು, ತೀರ್ಪು ನ್ಯಾಯಸಭೆಯದ್ದು, ಸುಳ್ಳು ಹೇಳಿದ್ದು ರಾಜನ ಭಾವಮೈದುನ, ಕತ್ತಿ ಮಾತ್ರ ನಮ್ಮ ಕೈಗೆ. ಆ ಇಬ್ಬರು ಚಾಂಡಾಲರನ್ನ ಶೂದ್ರಕ ಕೆಟ್ಟವರಾಗಿ ತೋರಿಸಿಲ್ಲ ಅನ್ನೋದನ್ನ ಹೇಳಲೇಬೇಕು. ಇಡೀ ಮೆರವಣಿಗೆಯಲ್ಲಿ ಅವನಿಗಾಗಿ ಮರುಗೋ ಮನಸ್ಸು ಅವರಲ್ಲೇ ಇದೆ. ಅಂದ್ರೆ ಒಂದೇ ಹೂ ದೇವರ ಕೊರಳಿಗೂ ಬಂತು, ಸಾಯೋನ ಕೊರಳಿಗೂ ಬಂತು, ಎರಡೂ ಕಡೆ ನಮ್ಮ ಪಾಲಿಗೆ ಬಂದದ್ದು ಕೆಲಸ.

ಕರವೀರ ಅಂದ್ರೆ ನಮಗೆ ನೆನಪಾಗಬೇಕಾದ ಇನ್ನೊಂದು ವಿಷಯ ಇದೆ. ಕೊಲ್ಹಾಪುರದ ಹಳೇ ಹೆಸರೂ ಕರವೀರ. ಊರಿಗೆ ಆ ಹೆಸರು ಹೇಗೆ ಬಂತು ಅನ್ನೋದಕ್ಕೆ ಪುರಾಣದವರು ತಮ್ಮ ಕಥೆ ಹೇಳ್ತಾರೆ, ನನಗೆ ಅದು ಬೇಡ. ನನಗೆ ಬೇಕಾದದ್ದು ಅಲ್ಲಿನ ರಾಜರ್ಷಿ ಶಾಹೂ ಮಹಾರಾಜರು. 1902ರ ಜುಲೈ 26ರಂದು ತಮ್ಮ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲು ಅಂತ ಆದೇಶ ಹೊರಡಿಸಿದವರು. 1920ರ ಮಾರ್ಚಿನಲ್ಲಿ ಮಾಣಗಾವ್ ಪರಿಷತ್ತಿಗೆ ಬಂದು, ಇನ್ನೂ ಮೂವತ್ತು ತುಂಬದ ಅಂಬೇಡ್ಕರರನ್ನ ನಿಮ್ಮ ನಾಯಕ ಇವರೇ ಅಂತ ಜನರ ಮುಂದೆ ಹೇಳಿದವರು. ಗಂಗಾರಾಮ ಕಾಂಬಳೆ ಅನ್ನೋ ಅಸ್ಪೃಶ್ಯರಿಗೆ ಚಹಾದಂಗಡಿ ಹಾಕಿಸಿ, ತಾವೇ ಅಲ್ಲಿ ಚಹಾ ಕುಡಿದು, ಜೊತೆಗಿದ್ದವರಿಗೂ ಕುಡಿಸಿದವರು. ನಮ್ಮ ಜಿಲ್ಲೆಯಲ್ಲಿ ಎಷ್ಟು ಹೋಟೆಲ್‌ಗಳಲ್ಲಿ ಬೇರೆ ಲೋಟ ನೋಡಿದೀವಿ ಅನ್ನೋದನ್ನ ನೆನೆಸಿಕೊಂಡು ಆ ಚಹಾದ ಬೆಲೆ ಕಟ್ರಿ. ನನ್ನ ಮಟ್ಟಿಗೆ ಕರವೀರ ಅಂದ್ರೆ ಈ ಮೂರು. ಕಟ್ಟೆ ಪಕ್ಕದಲ್ಲಿ ಆ ಹೆಸರಿನ ಗಿಡ ಇರಲಿ ಅಂತ ನಾನು ಅಂದದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಗುಮಾಸ್ತನ ಕಾರಣ. ಏಪ್ರಿಲ್ 14 ಬರೋದು ನಮ್ಮ ಕಡೆ ಹೂ ಸಿಗದ ಕಾಲದಲ್ಲಿ. ಮೊಳ ಮಲ್ಲಿಗೆ ರೇಟು ಕೇಳಿದರೆ ಬೆವರು ಬರ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಬೇರೆ ಜಯಂತಿಗಳಿಗೆ ಹೂವಿನ ಬಿಲ್ಲು ಮರುದಿನವೇ ಪಾಸ್ ಆಗ್ತಿತ್ತು. ನಮ್ಮ ಜಯಂತಿ ಬಂದಾಗ ಮಾತ್ರ "ಈ ಸಲ ಅನುದಾನ ಇಲ್ಲ, ಪ್ಲಾಸ್ಟಿಕ್ ಹಾರ ಇದೆಯಲ್ಲ, ತೊಳೆದು ಹಾಕಿ" ಅನ್ನೋ ಮಾತು ಬರ್ತಿತ್ತು. ಬಿಲ್ಲು ಬರೆಯೋನು ನಾನೇ ಆದ್ದರಿಂದ ಎರಡೂ ಗೊತ್ತು. ಎರಡನೇ ವರ್ಷ ನಾನು ಮನೆಯಿಂದ ಒಂದು ಬುಟ್ಟಿ ಕಣಗಿಲೆ ತಂದೆ. ಏಪ್ರಿಲ್‌ನಲ್ಲಿ ಅದು ಮೈತುಂಬ ಅರಳಿರ್ತದೆ. ಯಾರ ಅನುದಾನವೂ ಬೇಕಾಗಲಿಲ್ಲ.

ಈಗ ವಿಷದ ಮಾತು. ಆ ತಮ್ಮ ಹೇಳಿದ್ದು ಸುಳ್ಳಲ್ಲ. ಎಲೆ, ಹೂ, ಕಡ್ಡಿ, ಬೇರು, ಕತ್ತರಿಸಿದಾಗ ಬರೋ ಅಂಟುರಸ, ಎಲ್ಲವೂ ವಿಷ. ನೇರ ಹೃದಯದ ಬಡಿತಕ್ಕೇ ಕೈ ಹಾಕೋ ವಿಷ. 2024ರಲ್ಲಿ ಕೇರಳದಲ್ಲಿ ಒಬ್ಬ ಯುವತಿ ತೀರಿಕೊಂಡಾಗ, ಫೋನಿನಲ್ಲಿ ಮಾತಾಡುತ್ತ ಈ ಗಿಡದ ಎಲೆ ಬಾಯಿಗೆ ಹಾಕಿಕೊಂಡದ್ದೇ ಕಾರಣ ಇರಬೇಕು ಅನ್ನೋ ಸಂಶಯ ಬಂತು. ಆ ಮೇ ತಿಂಗಳಲ್ಲೇ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯಕ್ಕೆ, ಪ್ರಸಾದಕ್ಕೆ ಈ ಹೂ ಬಳಸಬಾರದು ಅಂತ ತೀರ್ಮಾನ ಮಾಡಿತು. ಅಲ್ಲಿ ಇದಕ್ಕೆ ಅರಳಿ ಅಂತಾರೆ. ಸುದ್ದಿ ಓದಿ ನಮ್ಮ ಒಬ್ಬ ಹಿರಿಯರು ಗಾಬರಿಯಿಂದ ಫೋನ್ ಮಾಡಿದ್ದರು, "ಬೋಧಿವೃಕ್ಷನೂ ವಿಷ ಅಂತಾರಲ್ಲಪಾ?" ಅಂತ. ಅವರ ಅರಳಿ ಬೇರೆ, ನಮ್ಮ ಅರಳಿ ಮರ ಬೇರೆ. ಬುದ್ಧ ಕೂತ ಮರಕ್ಕೆ ಏನೂ ಆಗಿಲ್ಲ.

ಆದ್ದರಿಂದ ಅಂಗನವಾಡಿ ಅಂಗಳದಲ್ಲಿ ಕಣಗಿಲೆ ಬೇಡವೇ ಬೇಡ. ತೆವಳೋ ಕೂಸು ಇರೋ ಮನೆಯ ಹೊಸ್ತಿಲ ಹತ್ತಿರವೂ ಬೇಡ. ಕಟ್ಟೆಯ ಹಿಂಬದಿಗೆ, ರಸ್ತೆ ಕಡೆ, ಮಕ್ಕಳು ಆಡದ ಬದಿಗೆ ಹಚ್ಚೋಣ, ಆಡೋ ಬದಿಗೆ ದಾಸವಾಳ ಇರಲಿ ಅಂತ ಗುಂಪಿನಲ್ಲಿ ಕಡೆಗೆ ಒಪ್ಪಿದ್ದೇವೆ. ಯಾರಾದರೂ ತಿಂದರೆ ಉಪ್ಪುನೀರು ಕುಡಿಸೋದು, ಬೆರಳು ಹಾಕಿ ವಾಂತಿ ಮಾಡಿಸೋದು ಮಾಡಬ್ಯಾಡ್ರಿ. ಸೀದಾ ಆಸ್ಪತ್ರೆ. ಡಾಕ್ಟರಿಗೆ ಕಣಗಿಲೆ ಅಂತ ಹೆಸರು ಹೇಳಬೇಕು, ಅವರು ಎದೆಬಡಿತ ನೋಡ್ತಾರೆ. ನಾಟಿ ಔಷಧಿ ಅಂತ ಇದರ ಕಷಾಯ ಹೇಳೋರು ಸಿಗ್ತಾರೆ, ಅವರಿಗೆ ದೂರದಿಂದಲೇ ಜೈ ಭೀಮ್ ಹೇಳ್ರಿ.

ಆಡು ಕುರಿ ಸಾಕಿದವರಿಗೆ ಒಂದು ಮಾತು. ಹಸಿ ಎಲೆ ಕಹಿ, ಆಡು ಸಾಮಾನ್ಯವಾಗಿ ಮುಟ್ಟೋದಿಲ್ಲ. ಅದನ್ನ ನಂಬಿ ಜನ ಮೋಸ ಹೋಗ್ತಾರೆ. ಗಿಡ ಕತ್ತರಿಸಿ ಕಡ್ಡಿ ಅಲ್ಲೇ ಬಿಟ್ಟರೆ, ಎಲೆ ಒಣಗಿ, ಜೋಳದ ಕಣಕಿ ಜೊತೆ ಬೆರೆತು ಮೇವಿಗೆ ಹೋಗ್ತದೆ. ಒಣಗಿದರೂ ವಿಷ ಹೋಗಿರೋದಿಲ್ಲ. ನಮ್ಮಲ್ಲಿ ಹೊಲ ಇಲ್ಲದ ಮನೆಗೆ ಎರಡು ಆಡು ಅಂದ್ರೆ ಬ್ಯಾಂಕ್ ಪಾಸ್‌ಬುಕ್. ಕತ್ತರಿಸಿದ್ದನ್ನ ಗುಂಡಿ ತೆಗೆದು ಹೂಳಬೇಕು.

ಬೆಳೆಸೋದು ಬಹಳ ಸುಲಭ. ಜೂನಿನಲ್ಲಿ ಎರಡು ಮಳೆ ಬಿದ್ದ ಮೇಲೆ, ಬಲಿತೂ ಬಲಿಯದ ಕಡ್ಡಿ ಒಂದು ಗೇಣು ಕತ್ತರಿಸ್ರಿ. ಕೆಳಗಿನ ಎಲೆ ತೆಗೀರಿ, ತುದಿಯಲ್ಲಿ ನಾಲ್ಕು ಎಲೆ ಸಾಕು. ಬಾಟಲಿ ನೀರಿನಲ್ಲಿ ಇಟ್ಟರೂ ಬೇರು ಬಿಡ್ತದೆ, ಆ ನೀರು ಮಾತ್ರ ಯಾರೂ ಕುಡಿಯದ ಜಾಗದಲ್ಲಿ ಇರಬೇಕು. ನನಗೆ ನಂಬಿಕೆ ಒದ್ದೆ ಉಸುಕಿನ ಮೇಲೆ. ಮೂರು ನಾಲ್ಕು ವಾರಕ್ಕೆ ಬೇರು ಹಿಡೀತದೆ. ಆಮೇಲೆ ಡಬ್ಬಿಗೆ.

ಡಬ್ಬಿ ವಿಷಯದಲ್ಲಿ ನಮ್ಮ ಕೇರಿಗಳು ಶ್ರೀಮಂತ. ಬೆಂಗಳೂರಲ್ಲಿ ಕಟ್ಟಡ ಕೆಲಸ ಮುಗಿಸಿ ಬರೋರು ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಡಬ್ಬಿ ತರ್ತಾರೆ, ನೀರು ತುಂಬೋಕೆ. ತಳ ಸೀಳಿದ್ದು, ಹಿಡಿಕೆ ಮುರಿದದ್ದು ಗಿಡಕ್ಕೆ ಬರ್ತದೆ. ತಳದಲ್ಲಿ ಐದಾರು ತೂತು ಹಾಕಲೇಬೇಕು. ಕಣಗಿಲೆ ಬಾಯಾರಿಕೆ ತಡೀತದೆ, ಬುಡದಲ್ಲಿ ನೀರು ನಿಂತ್ರೆ ತಡಿಯೋದಿಲ್ಲ. ನಮ್ಮ ಎರೆ ಮಣ್ಣು ಒಂದೇ ತುಂಬಿದರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕಲ್ಲು, ಬಿರುಕು ಬಿಟ್ಟು ಬೇರು ಹರೀತದೆ. ಅರ್ಧ ಎರೆ ಮಣ್ಣು, ಉಳಿದದ್ದರಲ್ಲಿ ಗರಸು ಅಥವಾ ಉಸುಕು, ಒಂದೆರಡು ಬೊಗಸೆ ಹಳೇ ತಿಪ್ಪಿಗೊಬ್ಬರ. ಹೊಸ ಗೊಬ್ಬರ ಹಾಕಿದರೆ ಎಲೆ ಜಾಸ್ತಿ, ಹೂ ಕಡಿಮೆ. ದಿನವಿಡೀ ಬಿಸಿಲು ಬೀಳೋ ಜಾಗ ಬೇಕು. ನೆರಳಲ್ಲಿಟ್ಟು ಹೂ ಬಿಡಲಿಲ್ಲ ಅಂತ ನನಗೆ ಮೆಸೇಜ್ ಹಾಕಬ್ಯಾಡ್ರಿ.

ಒಂದು ವ್ಯತ್ಯಾಸ ತಿಳ್ಕೊಬೇಕು. ಮೇಲೆ ನಾನು ಹೊಗಳಿದ್ದೆಲ್ಲ ನೆಲಕ್ಕಿಳಿದ ಗಿಡಕ್ಕೆ. ಡಬ್ಬಿಯ ಗಿಡಕ್ಕೆ ಅಷ್ಟು ಶಕ್ತಿ ಇಲ್ಲ, ಅದರ ಬೇರಿಗೆ ಹೋಗೋಕೆ ಜಾಗ ಇಲ್ಲ. ಮೇ ತಿಂಗಳಲ್ಲಿ ಡಬ್ಬಿಯ ಗೋಡೆ ಕಾದು ಬೇರು ಬೇಯ್ತದೆ. ಗುಳೆ ಹೋಗೋರು ಡಬ್ಬಿಯನ್ನ ಅರ್ಧದಷ್ಟು ನೆಲದಲ್ಲಿ ಹೂತು, ಬುಡಕ್ಕೆ ಒಣಹುಲ್ಲು ಮುಚ್ಚಿ, ಅಜ್ಜಿಗೆ ವಾರಕ್ಕೊಮ್ಮೆ ಪಾತ್ರೆ ತೊಳೆದ ನೀರು ಹಾಕೋಕೆ ಹೇಳಿ ಹೋಗ್ರಿ. ಸ್ವಂತ ಜಾಗದ ಹಕ್ಕುಪತ್ರ ಬಂದವರು ಡಬ್ಬಿ ಬಿಟ್ಟು ನೆಲಕ್ಕೇ ಹಚ್ರಿ. ಹಕ್ಕುಪತ್ರ ಬಂದ ವರ್ಷ ನಮ್ಮ ಕೇರಿಯಲ್ಲಿ ಮೂರು ಮನೆಯವರು ಮಾಡಿದ ಮೊದಲ ಕೆಲಸ ಅದೇ. ಗಿಡ ನೆಲಕ್ಕಿಳಿಸೋದಕ್ಕೆ ಯಾರೂ ಎಬ್ಬಿಸದ ನೆಲ ಬೇಕು.

ಹೂ ಬರೋದು ಹೊಸ ಚಿಗುರಿನ ತುದಿಗೆ. ಅದಕ್ಕೆ ಒಂದು ಸುತ್ತು ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಕವಲು ಜಾಸ್ತಿ, ಹೂ ಜಾಸ್ತಿ. ಕೈಗೆ ಪ್ಲಾಸ್ಟಿಕ್ ಕವರ್ ಆದರೂ ಸುತ್ತಿಕೊಳ್ರಿ, ಆ ಕೈ ಕಣ್ಣಿಗೆ ಹಚ್ಚಬ್ಯಾಡ್ರಿ, ಆಮೇಲೆ ಸೋಪಿನಲ್ಲಿ ತೊಳೀರಿ. ಎಳೆ ಚಿಗುರಿಗೆ ಅರಿಶಿನ ಬಣ್ಣದ ಹೇನು ಮುತ್ತಿಕೊಳ್ತದೆ, ಸೋಪಿನ ನೀರು ಹೊಡೆದರೆ ಹೋಗ್ತದೆ, ಹತ್ತಿಗೆ ಹೊಡೆಯೋ ಎಣ್ಣೆ ಬೇಡ. ಎಲೆ ತಿನ್ನೋ ಒಂದು ಹುಳ ಬರ್ತದೆ, ಅದನ್ನ ಬಿಟ್ಟುಬಿಡ್ರಿ. ಕೆಲವು ದಿನಕ್ಕೆ ಅದು ಎಲೆ ಕೆಳಗೆ ಬೆಳ್ಳಿ ಝುಮಕಿ ಹಂಗೆ ಹೊಳೆಯೋ ಗೂಡಾಗಿ ನೇತಾಡ್ತದೆ, ಆಮೇಲೆ ಕಂದು ರೆಕ್ಕೆ, ಅಂಚಿಗೆ ಬಿಳಿ ಚುಕ್ಕೆಯ ಚಿಟ್ಟೆ. ಈ ವಿಷದ ಎಲೆ ತಿಂದೇ ಬೆಳೆದ ಆ ಚಿಟ್ಟೆಯನ್ನ ಹಕ್ಕಿಗಳು ಮುಟ್ಟೋದಿಲ್ಲ. ಕೇರಿಯ ಮಕ್ಕಳಿಗೆ ಝುಮಕಿ ತೋರಿಸಿದರೆ ಸಾಲಿ ಮರೆತು ನಿಲ್ತಾರೆ. ಮುಟ್ಟದೆ ನೋಡೋದನ್ನ ಆಗಲೇ ಕಲಿಸಬೇಕು.

ಇಷ್ಟು ನಮ್ಮ ಮನೆ ಮುಂದಿನ ಮಾತು. ನಾನು ಬರೆಯೋಕೆ ಕೂತದ್ದು ಇನ್ನೊಂದು ವಿಷಯಕ್ಕೆ.

ಬೆಂಗಳೂರಿಗೆ ಹೋಗುವಾಗ ಹೆದ್ದಾರಿಯ ನಡುವಿನ ಸಾಲಿನಲ್ಲಿ ಕಣಗಿಲೆ ನೋಡಿರ್ತೀರಿ. ಗುಲಾಬಿ, ಬಿಳಿ, ಮತ್ತೆ ಕಾಗದದ ಹೂ. ಹೆದ್ದಾರಿಯವರು ಇದನ್ನ ಆರಿಸೋಕೆ ಕಾರಣ ಇದೆ. ದನ ತಿನ್ನೋದಿಲ್ಲ, ಹೊಗೆ ಧೂಳು ತಡೀತದೆ, ನೀರು ಕಡಿಮೆ ಸಾಕು, ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯೋದಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಹಸಿರು ಹೆದ್ದಾರಿ ನೀತಿ ಅಂತ ತಂದಿದೆ, ಗಿಡ ನೆಡೋಕೆ, ನೋಡಿಕೊಳ್ಳೋಕೆ ದುಡ್ಡು ಇದೆ. ಕಾರಿನಲ್ಲಿ ಹೋಗೋರಿಗೆ ಚಂದ. ಅದನ್ನ ಕತ್ತರಿಸೋರು ಯಾರು?

ಎರಡು ವರ್ಷದ ಹಿಂದೆ ಹಿರಿಯೂರು ದಾಟಿ ಒಂದು ಡಾಬಾ ಮುಂದೆ ಬಸ್ ನಿಂತಿತ್ತು. ರಸ್ತೆ ನಡುವೆ ಆರೇಳು ಹೆಣ್ಮಕ್ಕಳು ಕಣಗಿಲೆ ಸಾಲು ಕತ್ತರಿಸ್ತಿದ್ದರು. ಮೈಮೇಲೆ ಕಿತ್ತಳೆ ಬಣ್ಣದ ಹೊಳೆಯೋ ಜಾಕೀಟು ಇತ್ತು, ಅದು ಗಾಡಿಯವರಿಗೆ ಕಾಣಲಿ ಅಂತ. ಕೈ ಬರಿಗೈ. ಅಂಟುರಸ ಮೊಣಕೈ ತನಕ. ಅದೇ ಕೈಯಲ್ಲಿ ರೊಟ್ಟಿ ಬಿಚ್ಚಿ ತಿನ್ನೋಕೆ ಡಾಬಾ ಪಕ್ಕದ ನೆರಳಿಗೆ ಬಂದರು. ಮಾತು ಕೇಳಿದರೆ ನಮ್ಮ ಕಡೆಯವರೇ, ಮಾನ್ವಿ ತಾಲೂಕು. ಗುಳೆ ಬಂದವರು. ಯಾವ ಕೇರಿಯವರು ಅಂತ ಕೇಳಬೇಕಾಗಿರಲಿಲ್ಲ, ಅವರೂ ನನ್ನನ್ನ ಕೇಳಲಿಲ್ಲ.

ನೀರಿನ ಬಾಟಲಿ ಕೊಟ್ಟು, "ಅಕ್ಕಾ, ಮೊದ್ಲು ಕೈ ತೊಳ್ಕೋರಿ, ಇದು ವಿಷದ ಗಿಡ" ಅಂದೆ. ಹಿರಿಯಾಕೆ ಒಬ್ಬಳು, "ನಮಗ್ಯಾರೂ ಹೇಳಿಲ್ಲ ತಮ್ಮಾ. ಕೈ ಉರೀತಾವ, ಬಿಸಿಲಿಗಿ ಅಂತ ತಿಳ್ಕೊಂಡಿದ್ವಿ" ಅಂದಳು. ಪಕ್ಕದಲ್ಲಿ ಕಣಗಿಲೆ ಕಡ್ಡಿಯ ಮೂರು ಹೊರೆ ಕಟ್ಟಿಟ್ಟಿದ್ದರು. ಏನಕ್ಕೆ ಅಂದೆ. ಒಲಿಗೆ ಅಂದಳು. ಒಣಗಿದ ಮೇಲೆ ಚಲೋ ಉರೀತದಂತೆ.

ಕಣಗಿಲೆ ಸುಟ್ಟ ಹೊಗೆಯೂ ವಿಷ. ತಗಡಿನ ಶೆಡ್ಡು, ಕಿಟಕಿ ಇಲ್ಲ, ಮೂಲೆಯಲ್ಲಿ ಮೂರು ಕಲ್ಲಿನ ಒಲಿ, ಪಕ್ಕದಲ್ಲಿ ಮಲಗಿದ ಕೂಸು. ನಾನು ಇದನ್ನೆಲ್ಲ ಹೇಳಿದೆ. ಒಲಿಗೆ ಹಾಕಬ್ಯಾಡ್ರಿ ಅಂದೆ.

"ಮತ್ಯಾವುದು ಹಾಕಲಿ?" ಅಂದಳು. "ಇಲ್ಲಿ ಜಾಲಿ ಕಡ್ಯಾಕ ಹೋದ್ರ ಹೊಲದವ್ರು ಬೈತಾರ. ಇದೊಂದ ನೋಡು, ಯಾರೂ ಕೇಳಂಗಿಲ್ಲ."

ಬಸ್ ಹಾರ್ನ್ ಹೊಡೀತು. ಅವಳು ಕೈ ತೊಳೆದಳು, ಉಳಿದವರಿಗೂ ತೊಳೆಯೋಕೆ ಹೇಳಿದಳು, ಬಾಟಲಿ ಖಾಲಿ ಆಯ್ತು. ಹೊರೆಗಳು ಅಲ್ಲೇ ಇದ್ದವು.

ನಾನು ದಿನಾ ನೋಡೋದು ಕಡತ. ಗಿಡ ನೆಡೋ ಕೆಲಸದ ಅಂದಾಜುಪಟ್ಟಿಗಳು ನನ್ನ ಕಣ್ಣಿಗೆ ಬಿದ್ದಿವೆ. ಸಸಿ ಎಷ್ಟು, ಗುಂಡಿ ಎಷ್ಟು ಅಡಿ, ಗೊಬ್ಬರ ಎಷ್ಟು ಕ್ಯೂಬಿಕ್ ಮೀಟರ್, ಟ್ಯಾಂಕರ್ ಎಷ್ಟು ಟ್ರಿಪ್ಪು, ಎಲ್ಲ ಇರ್ತದೆ. ನಾನು ನೋಡಿದವುಗಳಲ್ಲಿ ಕೈಚೀಲ, ಅಂದ್ರೆ ಗ್ಲೌಸು, ಅದರ ಸಾಲು ಒಂದರಲ್ಲೂ ಇರಲಿಲ್ಲ. ಕತ್ತರಿಸಿದ ಕಡ್ಡಿ ಎಲ್ಲಿಗೆ ಹೋಗಬೇಕು ಅನ್ನೋ ಸಾಲೂ ಇಲ್ಲ. ಗಿಡ ವಿಷದ್ದು ಅಂತ ನೆಡೋರಿಗೆ ಗೊತ್ತು, ದನ ತಿನ್ನೋದಿಲ್ಲ ಅಂತನೇ ಆರಿಸಿದ್ದು. ದನದ ಬಗ್ಗೆ ಯೋಚನೆ ಮಾಡಿದವರಿಗೆ ಕೂಲಿಯವಳ ಕೈ ನೆನಪಾಗಲಿಲ್ಲ.

ಕಣಗಿಲೆ ಕಿತ್ತು ಹಾಕ್ರಿ ಅಂತ ನಾನು ಹೇಳೋದಿಲ್ಲ. ಕಿತ್ತು ಹಾಕೋ ಕೆಲಸಕ್ಕೂ ಅದೇ ಬರಿಗೈಗಳೇ ಬರ್ತಾವೆ. ಒಂದು ಮಾಹಿತಿ ಹಕ್ಕು ಅರ್ಜಿಯ ನಮೂನೆ ಬರೆದಿಟ್ಟಿದೀನಿ. ನಿಮ್ಮ ಭಾಗದ ಹೆದ್ದಾರಿ, ಪಟ್ಟಣ, ಉದ್ಯಾನ, ಎಲ್ಲೆಲ್ಲಿ ಕಣಗಿಲೆ ಸಾಲು ಇದೆಯೋ ಅಲ್ಲಿನ ನಿರ್ವಹಣೆ ಗುತ್ತಿಗೆಯ ಪ್ರತಿ, ಕೂಲಿಕಾರರಿಗೆ ಗ್ಲೌಸು ಕೊಟ್ಟ ರಸೀದಿ, ಕತ್ತರಿಸಿದ ಕಡ್ಡಿ ವಿಲೇವಾರಿ ಮಾಡಿದ ದಾಖಲೆ, ಈ ಮೂರನ್ನೇ ಕೇಳಬೇಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅರ್ಜಿ ಬೇಕಾದವರು ಇನ್‌ಬಾಕ್ಸಿಗೆ ಬರ್ರಿ. ಗುಳೆ ಹೋಗೋ ನಮ್ಮವರಿಗೆ ಈ ಬೇಸಿಗೆ ಹೊರಡೋ ಮೊದಲೇ ಕಣಗಿಲೆ ಕಟಗಿ ಒಲಿಗೆ ಬೇಡ ಅನ್ನೋ ಮಾತು ಬಾಯಿಂದ ಬಾಯಿಗೆ ತಲುಪಿಸ್ರಿ, ವಾಟ್ಸಾಪ್ ಇಲ್ಲದವರೇ ಹೆಚ್ಚು.

ಕಡ್ಡಿ ಬೇಕಾದವರಿಗೆ: ಜೂನ್ ಮಳೆ ಬಿದ್ದ ಮೇಲಿನ ಮೊದಲ ಭಾನುವಾರ ಜಾಲಹಳ್ಳಿಯಲ್ಲಿ ನಮ್ಮ ಕಟ್ಟೆ ಹತ್ತಿರ ಕೊಡ್ತೀನಿ. ಗುಲಾಬಿಯದು ಸಾಕಷ್ಟು ಇದೆ, ಬಿಳಿದು ಸ್ವಲ್ಪ. ಡಬ್ಬಿ ನೀವೇ ತರಬೇಕು, ತೂತು ನಾನು ಹಾಕಿಕೊಡ್ತೀನಿ.

ಜೈ ಭೀಮ್.